ಓದುಗರ ಪ್ರಶ್ನೆ, ವಕೀಲರ ಉತ್ತರ: ವಯಸ್ಸಾದ ಮೇಲೆ ಮನೆಯ ಕೋವಿಗಳನ್ನು ಏನು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು, ವಿಳಾಸಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ನನಗೆ 76 ವರ್ಷ. ವಿರಾಜಪೇಟೆಯ ಹತ್ತಿರ ಕಾಫಿ ತೋಟವಿದೆ. ನಮ್ಮದು ಜಮ್ಮಾ (ಕೊಡಗಿನ ಪಾರಂಪರಿಕ ಭೂ ಹಿಡುವಳಿ) ಹಕ್ಕಿನಿಂದ ಬಂದ ಪರವಾನಗಿ ವಿನಾಯಿತಿಯಲ್ಲ, ಪರವಾನಗಿಯ ಮೇಲಿನ ಕೋವಿಗಳು. ತಂದೆಯವರ ಕಾಲದವೂ ನಾನು ಆಸಕ್ತಿಯಿಂದ ಕೊಂಡವೂ ಸೇರಿ ಮೂರು ಇದ್ದವು. 2020ರಲ್ಲಿ ಎರಡನ್ನು ಮನೆಯಲ್ಲಿ ಉಳಿಸಿಕೊಂಡು, ಒಂದನ್ನು ಮೈಸೂರಿನ ಬಂದೂಕು ಅಂಗಡಿಯಲ್ಲಿ ಠೇವಣಿ ಇಟ್ಟೆ. ಅದು ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹಳೆಯ ಜೋಡುನಳಿಗೆ ಕೋವಿ. ಒಳ್ಳೆಯ ಬೆಲೆ ಬರಲಿ ಎಂದು ಕಾಯುತ್ತಿದ್ದೇನೆ. ಮಗ ಅಮೆರಿಕದಲ್ಲಿದ್ದಾನೆ, ಜೋಡುನಳಿಗೆಯನ್ನು ತನಗೆ ಕಳುಹಿಸಿ ಎನ್ನುತ್ತಾನೆ. ಮಗಳು ಮೈಸೂರಿನಲ್ಲಿದ್ದಾಳೆ. ಇವನ್ನೆಲ್ಲ ಯಾವಾಗ ಮಾರುವುದು ಸರಿ? ಉಯಿಲಿನಲ್ಲಿ ಬರೆದಿಟ್ಟರೆ ಸಾಲದೇ?

ಉತ್ತರ: ಠೇವಣಿಯಲ್ಲಿರುವುದನ್ನು ಈಗಲೇ ಮಾರಿ. ಮನೆಯಲ್ಲಿರುವ ಎರಡರ ವಿಷಯದಲ್ಲಿ ಮೊದಲು ಮಗಳೊಂದಿಗೆ ಕುಳಿತು ಮಾತನಾಡಿ.

2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಯುಧ ಕಾಯ್ದೆಯ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು ಮತ್ತು ಹೆಚ್ಚಿನವನ್ನು ಒಂದು ವರ್ಷದೊಳಗೆ ಠಾಣೆಯಲ್ಲಾಗಲಿ ಪರವಾನಗಿ ಇರುವ ಮಾರಾಟಗಾರರಲ್ಲಾಗಲಿ ಠೇವಣಿ ಇಡಬೇಕೆಂದು ವಿಧಿಸಿತು. ನೀವು ಹಾಗೆಯೇ ಮಾಡಿದ್ದೀರಿ. ಆದರೆ ಠೇವಣಿ ಇಟ್ಟ ಕೋವಿಯು ಬ್ಯಾಂಕಿನ ಲಾಕರಿನಲ್ಲಿಟ್ಟ ಒಡವೆಯಲ್ಲ. ಕಾಯ್ದೆಯ 21ನೆಯ ಕಲಮಿನ ಪ್ರಕಾರ, ನಿಗದಿಯಾದ ಅವಧಿಯೊಳಗೆ ಮಾತ್ರ ಠೇವಣಿದಾರನಿಗೆ, ಅವನು ತೀರಿಕೊಂಡರೆ ಅವನ ವಾರಸುದಾರರಿಗೆ, ಅದನ್ನು ಅರ್ಹ ವ್ಯಕ್ತಿಗೆ ಮಾರಿ ಹಣ ಪಡೆಯುವ ಹಕ್ಕಿರುತ್ತದೆ. ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಅದು ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಆದ್ದರಿಂದ ಇಂದೇ ಅಂಗಡಿಯ ರಸೀದಿಯನ್ನು ಹೊರತೆಗೆದು, ಅದರಲ್ಲಿ ಕೋವಿಯ ತಯಾರಕರ ಹೆಸರು, ಬೋರು (ನಳಿಗೆಯ ಒಳ ಅಳತೆ) ಮತ್ತು ಕ್ರಮಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿ, ಅವಧಿಯ ವಿಚಾರವನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಕಾದರೆ ಬೆಲೆ ಏರುತ್ತದೆ ಎಂಬ ನಿಮ್ಮ ಲೆಕ್ಕ ಒಂದು ಕಾಲಕ್ಕೆ ನಿಜವಾಗಿತ್ತು. 1980ರ ದಶಕದಲ್ಲಿ ಖಾಸಗಿ ವ್ಯಕ್ತಿಗಳು ವಿದೇಶಿ ಕೋವಿ ತರಿಸಿಕೊಳ್ಳುವುದಕ್ಕೆ ಸರ್ಕಾರ ತಡೆ ಹಾಕಿದ್ದರಿಂದ, ಅದಕ್ಕೆ ಮೊದಲೇ ದೇಶದೊಳಗೆ ಇದ್ದ ಇಂಗ್ಲಿಷ್ ಕೋವಿಗಳಿಗೆ ಅವುಗಳ ಯೋಗ್ಯತೆಗಿಂತ ಹೆಚ್ಚಿನ ಬೆಲೆ ಬರುತ್ತಿತ್ತು. ಎರಡರ ಮಿತಿ ಬಂದ ಮೇಲೆ ಪರಿಸ್ಥಿತಿ ಬೇರೆಯಾಯಿತು. ನಿಮ್ಮಂತೆಯೇ ಆಸಕ್ತಿಯಿಂದ ಕೊಳ್ಳುತ್ತಿದ್ದವರ ಬಳಿ ಈಗಾಗಲೇ ಎರಡು ಇವೆ, ಮೂರನೆಯದಕ್ಕೆ ಕೈಚಾಚಬೇಕಾದರೆ ಅವರು ಮೊದಲು ತಮ್ಮದೊಂದನ್ನು ಕೈಬಿಡಬೇಕು. ಉಳಿದ ಕೊಳ್ಳುಗರೆಂದರೆ ಹೊಸದಾಗಿ ಪರವಾನಗಿ ಪಡೆದವರು, ಅವರಲ್ಲಿ ಹೆಚ್ಚಿನವರಿಗೆ ಬೇಕಾದುದು ತೋಟಾ ಸುಲಭವಾಗಿ ಸಿಗುವ ಸಾಧಾರಣ ಹನ್ನೆರಡು ಬೋರಿನ ಕೋವಿ. ದೊಡ್ಡ ಬೋರಿನ ಹಳೆಯ ಶಿಕಾರಿ ರೈಫಲ್ಲಿಗೆ ಇಲ್ಲಿ ತೋಟಾ ಸಿಗುವುದೇ ದುಸ್ತರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆ ಕೆಲಸವೂ ಇಲ್ಲ. ಅಂಥದ್ದನ್ನು ಕೊಳ್ಳುವವನು ಸಂಗ್ರಾಹಕನೇ ಆಗಿರಬೇಕು. ಅಂಥ ಸಂಗ್ರಾಹಕರಿಗೂ ನಿಮ್ಮಷ್ಟೇ ವಯಸ್ಸಾಗುತ್ತಿದೆ.

ಜೋಡುನಳಿಗೆಯ ಬೆಲೆ ಕಟ್ಟಿಸುವ ಮೊದಲು ಅಂಗಡಿಯವರ ಎದುರಿನಲ್ಲೇ ನಳಿಗೆಗಳನ್ನು ಬಿಡಿಸಿ, ಅವುಗಳ ಹಿಂತುದಿಯ ಕೆಳಗಿನ ಚಪ್ಪಟೆ ಭಾಗವನ್ನು ನೋಡಿಸಿ. ನಳಿಗೆ ಎಂಥ ಮದ್ದನ್ನು ತಾಳುತ್ತದೆ ಎಂದು ಪರೀಕ್ಷಿಸಿದ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯದ ಮುದ್ರೆಗಳು ಇರುವುದು ಅಲ್ಲಿಯೇ. ನಳಿಗೆಯ ಮೇಲ್ಮೈಯಲ್ಲಿ ಅಲೆಅಲೆಯಾದ ಗೆರೆಗಳು ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ಡಮಾಸ್ಕಸ್ ನಳಿಗೆ. ಇಂಥವುಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಹೊಗೆರಹಿತ ಮದ್ದಿಗೆ ಪರೀಕ್ಷಿಸಲಾಗಿದೆ ಎಂಬ ಮುದ್ರೆ ಇಲ್ಲದಿದ್ದರೆ ಅದರಲ್ಲಿ ಈಗಿನ ತೋಟಾ ಹಾಕಿ ಹೊಡೆಯುವುದು ಕೈಗೂ ಕಣ್ಣಿಗೂ ಅಪಾಯ. ಹಾಗೆಯೇ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟಾಕ್ಕೆ ಮಾಡಿದವು. ಈಗ ಸಾಮಾನ್ಯವಾಗಿರುವ ಎರಡೂ ಮುಕ್ಕಾಲು ಇಂಚಿನ ತೋಟಾ ಅವುಗಳ ಒಳಗೆ ಕೂರಬಹುದು, ಆದರೆ ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅತಿಯಾಗುತ್ತದೆ. ಇವೆರಡನ್ನೂ ಕೊಳ್ಳುವವನಿಗೆ ಹೇಳಬಲ್ಲವರು ನೀವು. ನಿಮ್ಮ ನಂತರ ಮಾರಾಟಕ್ಕೆ ನಿಲ್ಲುವ ಮಗಳಿಗೆ ಇದು ತಿಳಿದಿರುವುದಿಲ್ಲ. ಬೆಲೆಯ ಏರಿಳಿತಕ್ಕಿಂತ ಈ ಕಾರಣಕ್ಕಾಗಿಯೇ ನಾನು ಈಗಲೇ ಮಾರಿ ಎನ್ನುವುದು. ಕೋವಿ ಯಾರಿಂದ ಬಂತು, ಯಾವ ವರ್ಷ ಯಾವ ಅಂಗಡಿಯಲ್ಲಿ ಕೊಂಡದ್ದು, ಕುಂದೆಯನ್ನು (ಹಿಂಬದಿಯ ಮರದ ಹಿಡಿ) ಬದಲಿಸಿದ್ದುಂಟೇ, ಜೊತೆಗೆ ಬಂದ ಚರ್ಮದ ಪೆಟ್ಟಿಗೆ ಎಲ್ಲಿದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಕೋವಿ ಸಂಗ್ರಾಹಕರು ನಳಿಗೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ, ಕಾಗದಪತ್ರ ಕೇಳಿದರೆ ಮಾತ್ರ ಬೀರುವಿನ ಕಡೆ ಕೈತೋರಿಸುತ್ತಾರೆ. ಇದು ನನ್ನ ವೃತ್ತಿಯಲ್ಲಿ ನಾನು ಕಂಡ ಮಾತು. ಅಂದಹಾಗೆ, ಕೊಡಗಿನ ಮಳೆಗಾಲದಲ್ಲಿ ಕೋವಿಯನ್ನು ಆ ಚರ್ಮದ ಪೆಟ್ಟಿಗೆಯೊಳಗೇ ಇಡುವವರಿದ್ದಾರೆ. ಚರ್ಮ ತೇವ ಹಿಡಿದಿಟ್ಟುಕೊಂಡು ನಳಿಗೆಗೆ ತುಕ್ಕು ತರುತ್ತದೆ, ಒಳಮೈಯಲ್ಲಿ ಗುಳಿ ಬಿದ್ದರೆ ಬೆಲೆ ಅಲ್ಲಿಗೇ ಕುಸಿಯುತ್ತದೆ.

ಮಾರಾಟದ ವಿಧಾನ ಹೀಗಿದೆ. ಪರವಾನಗಿ ಇರುವ ಮಾರಾಟಗಾರರ ಮೂಲಕ ಹೋದರೆ ಅವರ ದಫ್ತರಿನಲ್ಲಿ ನಮೂದಾಗಿ, ಕೊಳ್ಳುವವನ ಪರವಾನಗಿಗೆ ಕೋವಿ ಸೇರುತ್ತದೆ. ನೀವೇ ನೇರವಾಗಿ ಮಾರುವುದಾದರೆ, ಕಾಯ್ದೆಯ 5ನೆಯ ಕಲಮಿನಂತೆ ಕೊಳ್ಳುವವನ ಹೆಸರು ಮತ್ತು ವಿಳಾಸದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತ ಮಾಹಿತಿ ಕೊಟ್ಟು, 45 ದಿನ ಕಳೆದ ಮೇಲಷ್ಟೇ ಕೋವಿಯನ್ನು ಹಸ್ತಾಂತರಿಸಬೇಕು. ಪರಿಚಯದವನು, ದೂರದ ನೆಂಟ, ನಂಬಿಕಸ್ಥ ಎಂದು ಮುಂಗಡ ಪಡೆದು ಕೋವಿ ಕೊಟ್ಟು ಕಳುಹಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆ ಕೋವಿಯಿಂದ ಮುಂದೆ ಏನೇ ನಡೆದರೂ ವಿಚಾರಣೆ ನಿಮ್ಮ ಬಾಗಿಲಿಗೇ ಬರುತ್ತದೆ.

ಮಗನಿಗೆ ಕಳುಹಿಸುವ ಆಲೋಚನೆಯನ್ನು ಬಿಟ್ಟುಬಿಡಿ. ಕೋವಿಯನ್ನು ದೇಶದಿಂದ ಹೊರಗೆ ಕಳುಹಿಸಲು ಆಯುಧ ಕಾಯ್ದೆಯಡಿ ಬೇರೆಯೇ ಪರವಾನಗಿ ಬೇಕು, ಅಲ್ಲಿನ ಸರ್ಕಾರದ ಆಮದು ಅನುಮತಿಯೂ ಬೇಕು. ಅದಕ್ಕೂ ಮಿಗಿಲಾಗಿ, ನಿಮ್ಮ ಜೋಡುನಳಿಗೆ ನೂರು ವರ್ಷ ದಾಟಿದ್ದರೆ ಅದು 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಭವವಿದೆ, ಪುರಾವಸ್ತುವನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತೆಯೇ ಇಲ್ಲ.

ಇನ್ನು ಮನೆಯಲ್ಲಿರುವ ಎರಡು. ಉಯಿಲಿನಿಂದ ಕೋವಿಯ ಒಡೆತನವನ್ನು ಯಾರಿಗಾದರೂ ಕೊಡಬಹುದು, ಅದನ್ನು ಕೈಯಲ್ಲಿ ಇಟ್ಟುಕೊಳ್ಳುವ ಹಕ್ಕನ್ನು ಕೊಡಲಾಗದು. ಆ ಹಕ್ಕು ಬರುವುದು ಪರವಾನಗಿಯಿಂದ. 2016ರ ಆಯುಧ ನಿಯಮಗಳು ಇದಕ್ಕೆ ಒಳ್ಳೆಯ ದಾರಿ ಮಾಡಿಕೊಟ್ಟಿವೆ. ಪರವಾನಗಿದಾರನಿಗೆ 70 ವರ್ಷ ತುಂಬಿದರೆ ಅಥವಾ ಅವನು ಕೋವಿಯನ್ನು 25 ವರ್ಷ ಹೊಂದಿದ್ದರೆ, ಅವನು ಬದುಕಿರುವಾಗಲೇ ತಾನು ಹೆಸರಿಸಿದ ವಾರಸುದಾರರಿಗೆ ಪರವಾನಗಿ ಕೊಡುವಂತೆ ಕೋರಬಹುದು. ನಿಮ್ಮ ವಯಸ್ಸು ಆ ಗೆರೆ ದಾಟಿದೆ. ಮಗಳಿಗೆ ಮನಸ್ಸಿದ್ದರೆ ಅರ್ಜಿ ಹಾಕಲಿ, ಅವಳಿಗೂ ಎರಡರ ಮಿತಿ ಅನ್ವಯಿಸುತ್ತದೆ ಎಂಬುದು ನೆನಪಿರಲಿ. ಮನಸ್ಸಿಲ್ಲದಿದ್ದರೆ ಅಪ್ಪನಿಗೆ ಬೇಸರವಾಗುತ್ತದೆಂದು ಹೂಂ ಎನ್ನಿಸಬೇಡಿ. ಆಗ ಈ ಎರಡನ್ನೂ ನೀವು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದಕ್ಕೆ ನಾನು ವಯಸ್ಸಿನ ಅಂಕಿ ಹೇಳಲಾರೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಯ್ದು ಇಟ್ಟು, ಮುಗಿದ ಮೇಲೆ ನೀವೇ ಹೋಗಿ ಬಿಡಿಸಿಕೊಂಡು ಬರುವಷ್ಟು ಚೈತನ್ಯ ಇದೆಯೇ, ತೋಟಾ ಒಳಗಿದೆಯೇ ಇಲ್ಲವೇ ಎಂದು ಕಣ್ಣಿನಿಂದಲೇ ನೋಡಿ ತಿಳಿಯುತ್ತೀರಾ, ಬೀರುವಿನ ಬೀಗದ ಕೈಯನ್ನು ಕೆಲಸದವರ ಕೈಗೆ ಕೊಡುವ ಪ್ರಸಂಗ ಬಂದಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇವುಗಳಲ್ಲಿ ಯಾವುದೊಂದು ಉತ್ತರ ಅಳುಕಿನಿಂದ ಬಂದರೂ ಮುಂದಿನ ನವೀಕರಣದವರೆಗೆ ಕಾಯಬೇಡಿ.

ಪ್ರಶ್ನೆ: ನಾವು ಕೊಡವರು. ತಂದೆಗೆ 82 ವರ್ಷ, ಪೊನ್ನಂಪೇಟೆಯ ಕಡೆ ಒಬ್ಬರೇ ಇದ್ದಾರೆ. ಈಚೆಗೆ ಮರೆವು ಹೆಚ್ಚಾಗಿದೆ. ರಾತ್ರಿ ಎದ್ದು ಕೋವಿ ತೆಗೆದು ಒರೆಸುತ್ತಾ ಕೂರುತ್ತಾರೆ ಎಂದು ಕೆಲಸದವರು ಹೇಳುತ್ತಾರೆ. ಮಾರೋಣ ಎಂದರೆ, ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಯಿಲ್ಲದ ಮನೆಯೇ ಎಂದು ಸಿಟ್ಟಾಗುತ್ತಾರೆ. ನಾನು ಬೆಂಗಳೂರಿಗೆ ತಂದಿಟ್ಟುಕೊಳ್ಳಬಹುದೇ? ಅಣ್ಣ ಗೋಣಿಕೊಪ್ಪದಲ್ಲಿದ್ದಾರೆ.

ಉತ್ತರ: ಮಾರುವುದು ಬಿಡುವುದು ಆಮೇಲಿನ ಮಾತು. ಈ ವಾರವೇ ನಿಮ್ಮ ಅಣ್ಣನವರು ಮನೆಗೆ ಹೋಗಿ ಮೊದಲು ತೋಟಾಗಳನ್ನು ಹೊರಗೆ ಸಾಗಿಸಲಿ. ಕೋವಿಯನ್ನು ಯಾರ ವಶಕ್ಕೆ ಕೊಡಬೇಕೆಂಬುದನ್ನು ಠಾಣೆಗೆ ಲಿಖಿತವಾಗಿ ತಿಳಿಸಿ ಮುಂದುವರಿಯಿರಿ. ಒಬ್ಬರೇ ಇರುವ, ಮರೆವು ಹತ್ತಿದ ಹಿರಿಯರ ಮನೆಯಲ್ಲಿ ರಾತ್ರಿ ಕೋವಿ ಹೊರಬರುತ್ತಿದೆ ಎಂದರೆ ಅದು ಅವರಿಗೂ ಅಪಾಯ, ಬಾಗಿಲು ತಟ್ಟುವ ಕೆಲಸದವರಿಗೂ ಅಪಾಯ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿ ದೊರೆತಿರುವುದು ವ್ಯಕ್ತಿಗೆ. ಕೋವಿ ಎಲ್ಲಿಗೆ ಹೋದರೂ ಅದರ ಹಿಂದೆ ವಿನಾಯಿತಿ ಹೋಗುವುದಿಲ್ಲ. ನಿಮ್ಮ ಹೆಸರಿನಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ಪತ್ರವಾಗದೆ ಬೆಂಗಳೂರಿನ ಕಾರಿನಲ್ಲಿ ಕೋವಿ ಇಟ್ಟುಕೊಂಡು ಹೊರಡಬೇಡಿ. ವಿನಾಯಿತಿಯ ಕೋವಿಯನ್ನು ವಿನಾಯಿತಿ ಇಲ್ಲದವರಿಗೆ ಮಾರಬೇಕಾದರೂ ಕೊಳ್ಳುವವರ ಬಳಿ ಪರವಾನಗಿ ಇರಲೇಬೇಕು. ಇನ್ನೊಂದು ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ: ಕಾಯ್ದೆಯ 9ನೆಯ ಕಲಮು ಬುದ್ಧಿಸ್ವಾಧೀನವಿಲ್ಲದವರ ಕೈಯಲ್ಲಿ ಕೋವಿ ಇರುವುದನ್ನು ನಿಷೇಧಿಸುತ್ತದೆ. ಮರೆವು ಆ ಮಟ್ಟಕ್ಕೆ ಹೋಗುವ ಮೊದಲೇ, ವೈದ್ಯರಿಗೆ ತೋರಿಸಿ, ತಂದೆಯವರು ವಿಷಯ ತಿಳಿದು ಸಹಿ ಮಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಅಣ್ಣನವರ ಹೆಸರಿಗೆ ವರ್ಗಾಯಿಸುವ ಅರ್ಜಿ ಹಾಕಿಸಿ. ಬುದ್ಧಿ ಸ್ಥಿಮಿತವಿಲ್ಲದಾಗ ಮಾಡಿದ ಕರಾರು ಊರ್ಜಿತವಾಗದು, ನಾಳೆ ದಾಯಾದಿಗಳಲ್ಲಿ ಒಬ್ಬರು ಆ ಸಹಿಯನ್ನು ಪ್ರಶ್ನಿಸಿದರೆ ಉತ್ತರ ಕೊಡುವುದು ಕಷ್ಟ.

ತಂದೆಯವರ ಸಿಟ್ಟಿಗೂ ಕಾರಣವಿದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಲ್ಲಿ ಬೆಳೆದವರಿಗೆ ಕೋವಿ ಮಾರುವುದೆಂದರೆ ಮನೆತನದ ಗುರುತನ್ನೇ ಮಾರಿದಂತೆ ಕಾಣುತ್ತದೆ. ಆದ್ದರಿಂದ ನಿಮ್ಮ ಸಂದರ್ಭದಲ್ಲಿ ಮಾರಾಟದ ಮಾತನ್ನೇ ಎತ್ತದಿರುವುದು ಲೇಸು. ಕೋವಿ ಅಣ್ಣನವರ ಹೆಸರಿಗೂ ಮನೆಗೂ ಹೋಗಲಿ, ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್‌ ದಿನ ಅವರೇ ತಂದು ಕನ್ನಿಕೊಂಬರೆಯಲ್ಲಿ (ದೇವರ ಕೋಣೆ) ಇಟ್ಟು, ತೋಕ್‌ಪೂ ಹೂವನ್ನು ಸಿಕ್ಕಿಸಿ ತಂದೆಯವರ ಕೈಯಿಂದ ಪೂಜೆ ಮಾಡಿಸಿ, ಸಂಜೆಗೆ ವಾಪಸು ಒಯ್ಯಲಿ.

ಪ್ರಶ್ನೆ: ತೀರ್ಥಹಳ್ಳಿಯ ಕಡೆಯವಳು. ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಬೆಳೆ ರಕ್ಷಣೆಗೆಂದು ಪಡೆದ ಕೋವಿ ಬೀರುವಿನಲ್ಲೇ ಇದೆ, ಜೊತೆಗೆ ಗೋಡೆಯ ಮೇಲೆ ಮುತ್ತಜ್ಜನ ಕಾಲದ ಕೇಪಿನ ಕೋವಿ. ಈಗ ಠಾಣೆಗೆ ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಸು ಹಾಕುತ್ತಾರೆಂದು ಹೆದರಿಕೆ. ಇವುಗಳನ್ನು ಮಾರಬಹುದೇ?

ಉತ್ತರ: ಮಾರಬಹುದು, ಆದರೆ ಮನೆಯಿಂದ ಮಾರುವಂತಿಲ್ಲ. ಪರವಾನಗಿದಾರರು ತೀರಿಕೊಂಡ ಮೇಲೆ ಆ ಕೋವಿಯನ್ನು ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕಿತ್ತು. ತಡವಾಗಿದೆ, ನಿಜ. ಇನ್ನೂ ತಡ ಮಾಡುವುದು ಹೆಚ್ಚು ಅಪಾಯ, ಏಕೆಂದರೆ ಪರವಾನಗಿ ಇಲ್ಲದೆ ಕೋವಿ ಹೊಂದುವುದು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಊರಿನ ವಕೀಲರೊಬ್ಬರ ಜೊತೆ, ಮರಣ ಪ್ರಮಾಣಪತ್ರ, ಮೂಲ ಪರವಾನಗಿ ಪುಸ್ತಕ ಮತ್ತು ತಡವಾದ ಕಾರಣವನ್ನು ವಿವರಿಸುವ ಮನವಿಯೊಂದಿಗೆ ಠಾಣೆಗೆ ಹೋಗಿ. ಕೋವಿಯನ್ನು ನೀವೇ ಹೊತ್ತುಕೊಂಡು ಬಸ್ಸು ಹತ್ತಬೇಡಿ. ಮೊದಲು ಮನವಿ ಕೊಟ್ಟು, ಅವರು ಹೇಳಿದಂತೆ ಮಾಡಿ. ತೋಟಾಗಳ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಠೇವಣಿಯಾದ ಮೇಲೆ ವಾರಸುದಾರರಾಗಿ ಅದನ್ನು ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ನಿಮಗಿದೆ.

ಗೋಡೆಯ ಮೇಲಿನ ಕೇಪಿನ ಕೋವಿಯ ಬಗ್ಗೆ: ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಷ್ಟು ಹಾಳಾದ ಹಳೆಯ ಆಯುಧಕ್ಕೆ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ನಿಮ್ಮದು ಆ ಸ್ಥಿತಿಯಲ್ಲಿದೆಯೇ ಎಂದು ತೀರ್ಮಾನಿಸಬೇಕಾದವರು ನೀವಲ್ಲ, ಹಳೇ ಸಾಮಾನು ಕೊಳ್ಳಲು ಊರೂರು ತಿರುಗುವ ವ್ಯಾಪಾರಿಯಂತೂ ಅಲ್ಲವೇ ಅಲ್ಲ. ಅದನ್ನೂ ಅದೇ ಮನವಿಯಲ್ಲಿ ನಮೂದಿಸಿ, ಪರಿಶೀಲಿಸಿ ಲಿಖಿತ ಹಿಂಬರಹ ಕೊಡುವಂತೆ ಕೇಳಿ.