ಮೂರನೇ ರೈಡ್ ಯಾರದ್ದು?

ಕಳೆದ ಸಂಚಿಕೆಯಲ್ಲಿ ನಾವು ಪರಿಚಯಿಸಿದ ‘ಮೂರನೇ ರೈಡ್’ ಎಂಬ ಕಬಡ್ಡಿ ಕಾದಂಬರಿಯ ಹೆಸರಿಗೆ ಅರಸೀಕೆರೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ತಕರಾರು ತೆಗೆದಿದ್ದಾರೆ. ಕಥಾನಾಯಕ ರೈಡರ್ರೇ ಅಲ್ಲ, ಎಡ ಕಾರ್ನರ್‌ನಲ್ಲಿ ನಿಂತು ಎದುರಾಳಿ ರೈಡರನ್ನು ಹಿಡಿಯುವ ಕ್ಯಾಚರ್. ಕಥೆ ಶುರುವಾಗುವುದು ಮಣ್ಣಿನ ಅಂಕಣದ ಕಾಲದಲ್ಲಿ, ಆಗ ನಮ್ಮ ಕಡೆ ಮೂರನೇ ರೈಡ್‌ನ ನಿಯಮ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಪುಸ್ತಕ ಆಲೂಗೆಡ್ಡೆ ಹೊಲದಲ್ಲೇ ಕಳೆಯುತ್ತದೆ. ಟಿ.ವಿ. ಕಬಡ್ಡಿ ನೋಡುವವರನ್ನು ಸೆಳೆಯಲು ಇಟ್ಟ ಹೆಸರಿದು, ‘ಮೂಲೆಯವನು’ ಎಂದಿದ್ದರೆ ಒಪ್ಪುತ್ತಿತ್ತು ಎನ್ನುತ್ತಾರೆ.

ಮೇಷ್ಟ್ರೇ, ನಿಮಗೆ ಕಬಡ್ಡಿ ನಿಯಮ ಹೇಳುವುದು ಅಧಿಕಪ್ರಸಂಗ. ಉಳಿದ ಓದುಗರಿಗಾಗಿ ಎರಡು ಮಾತು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಮನೆಮಾತಾದ ನಿಯಮ ಇದು: ಒಂದು ತಂಡದ ಎರಡು ರೈಡ್ ಸತತವಾಗಿ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು. 30 ಸೆಕೆಂಡಿನಲ್ಲಿ ತರದಿದ್ದರೆ ರೈಡರ್ ಔಟ್. ಮೊದಲೆರಡು ಸಲ ಬೇರೆಯವರು ಹೋಗಿ ರೈಡರ್ ದಾಟಲೇಬೇಕಾದ ಗೆರೆಯಾದ ಬಾಕ್ ಲೈನ್ ದಾಟಿ ಸುಮ್ಮನೆ ವಾಪಸಾಗಿರಬಹುದು. ಅವರ ಎಚ್ಚರಿಕೆಯ ಸಾಲವನ್ನು ಮೂರನೆಯವನು ತೀರಿಸಬೇಕು.

ಈಗ ಎದುರು ಬದಿಯಿಂದ ನೋಡಿ. ಮೂರನೇ ರೈಡ್‌ನಲ್ಲಿ ಕ್ಯಾಚರ್ ಏನೂ ಮಾಡಬೇಕಿಲ್ಲ. ಹಿಂದೆ ಸರಿದು ಕಾಲು ಕೊಡದೆ ನಿಂತರೂ ಪಾಯಿಂಟ್ ತಾನಾಗಿ ಬರುತ್ತದೆ. ಅವಸರವೆಲ್ಲ ಬಂದವನದು. ಇದು ಎಡ ಕಾರ್ನರ್‌ನ ಹುಡುಗನಿಗೆ ಗೊತ್ತು, ಅದಕ್ಕೇ ಅಪ್ಪನನ್ನು ನೋಡಿ ಅವನು ಹೆದರುತ್ತಾನೆ. ಅಪ್ಪ ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಯನ್ನು ಹಾಸನದ ಮಾರುಕಟ್ಟೆಯಲ್ಲಿ ಕೊಂಡು ಎರಡು ವರ್ಷ ಹಾಕಿದ್ದಾನೆ, ಎರಡೂ ವರ್ಷ ಬೆಳೆ ಅಂಗಮಾರಿ ರೋಗಕ್ಕೆ ಹೋಗಿದೆ. ಮೂರನೇ ವರ್ಷ ಕೈಸಾಲ ಮಾಡಿ ಮತ್ತೆ ಬಿತ್ತುತ್ತಾನೆ. ಮೋಡ ಕವಿದು ಜಡಿಮಳೆ ಹಿಡಿಯುವ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮಗ ಬದುವಿನ ಮೇಲೆ ನಿಂತು ಎಲೆಯ ಕಪ್ಪು ಚುಕ್ಕೆ ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ಆಕಾಶ ಸುಮ್ಮನೆ ಹೀಗೇ ಇದ್ದರೆ ಸಾಕು, ಅಪ್ಪ ಔಟ್. ಆ ಭಯ ರೈಡರ್ ಆಗಿದ್ದವನಿಗೆ ಹೀಗೆ ಬರುತ್ತಿರಲಿಲ್ಲ.

ಹಾಗಾಗಿ ಹೆಸರಿನ ರೈಡ್ ಅಪ್ಪನದು. ‘ಮೂಲೆಯವನು’ ಸೊಗಸಾಗಿದೆ, ಒಪ್ಪುತ್ತೇನೆ, ಆದರೆ ಅದು ಮಗನೊಬ್ಬನ ಪುಸ್ತಕದ ಹೆಸರು. ಹೊಲ ಹೊರಗುಳಿದುಬಿಡುತ್ತದೆ. ಇನ್ನು ಕಾಲದ ಆಕ್ಷೇಪ: ಕಥೆ ಹೇಳುತ್ತಿರುವವನು ಈಗ ಮ್ಯಾಟ್ ಮೇಲೆ ಮಕ್ಕಳಿಗೆ ಆಟ ಕಲಿಸುವ ನಡುವಯಸ್ಸಿನವನು. ಅಂದಿನದಕ್ಕೆ ಇಂದಿನ ಮಾತಲ್ಲಿ ಹೆಸರಿಡುವುದು ಅವನ ಹಕ್ಕು.

ನಿಮ್ಮ ಅನುಮಾನಕ್ಕೆ ಬಲ ಕೊಡುವ ಒಂದು ಜಾಗ ಮಾತ್ರ ಇದೆ. ಕೊನೆಯಲ್ಲಿ ಬೇಲೂರಿನ ಹೊನಲು ಬೆಳಕಿನ ಪಂದ್ಯ. ಕಡೇ ನಿಮಿಷ, ಸಮಬಲ, ಎದುರಾಳಿಯ ಮೂರನೇ ರೈಡ್, ನಮ್ಮ ಹುಡುಗ ಪಾದಕ್ಕೆ ಕೈ ಹಾಕಿ ಕೆಡವುತ್ತಾನೆ, ಜನ ಕುಣಿಯುತ್ತಾರೆ. ಹೆಸರಿಗೆ ಸಾಕ್ಷಿ ಒದಗಿಸಲೆಂದೇ ಬರೆದ ಅಧ್ಯಾಯದಂತಿದೆ. ನಿಜವಾದ ಅಂಕಣದಲ್ಲಿ ಮೂರನೇ ರೈಡ್ ಇಷ್ಟು ಅಚ್ಚುಕಟ್ಟಾಗಿ ಮುಗಿಯಬೇಕೆಂದೇನಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್ ನೆನಪಿದೆಯಲ್ಲ? ಇರಾನ್ ಎದುರು 28–28ರಲ್ಲಿದ್ದಾಗ ಭಾರತದ ಪವನ್ ಸೆಹ್ರಾವತ್ ಅಂಥದೇ ರೈಡ್‌ಗೆ ಹೋಗಿ, ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಮುಟ್ಟುವ ಮುನ್ನ ಇಳಿಯಬಾರದ ಅಂಕಣದ ಬದಿಯ ಪಟ್ಟಿಗೆ, ಕಾಲಿಟ್ಟರು, ಇರಾನಿನ ಆಟಗಾರರೂ ಬೆನ್ನಟ್ಟಿ ಲಾಬಿಗೆ ಇಳಿದರು. ಯಾರಿಗೆ ಎಷ್ಟು ಪಾಯಿಂಟ್ ಎಂಬ ಜಗಳದಲ್ಲಿ ಆಟ ಬಹಳ ಹೊತ್ತು ನಿಂತಿತು. ಭಾರತ 33–29ರಿಂದ ಗೆದ್ದಿತು, ವಾದ ಮಾತ್ರ ಗೆಲುವಿನ ಜೊತೆಗೇ ಉಳಿಯಿತು. ಲೇಖಕಿ ಬೇಲೂರಿನ ಪಂದ್ಯವನ್ನು ಹಾಗೆ ಗೋಜಲಾಗಿಯೇ ಬಿಟ್ಟಿದ್ದರೆ ಹೊಲದ ಕಥೆಗೆ ಅದು ಹೆಚ್ಚು ಹತ್ತಿರವಾಗುತ್ತಿತ್ತು.

ಮಣ್ಣಿನ ಅಂಕಣದ ಕಾಲದಲ್ಲಿ ಸುಮ್ಮನೆ ಹೋಗಿ ಬರುವ ರೈಡರ್‌ಗಳನ್ನು ನೀವು ಹೇಗೆ ದಾರಿಗೆ ತರುತ್ತಿದ್ದಿರಿ ಎಂದು ಪತ್ರದಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಅದನ್ನು ಎರಡು ಪುಟಕ್ಕೆ ಬೆಳೆಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

– ಸಂಪಾದಕ