ಗೇಮ್ ಕಟ್ಟೆ: ಸಣ್ಣ ಸ್ಟುಡಿಯೊ ಆಟಕ್ಕೆ ಯಾವ ಅಳತೆಗೋಲು?

ಪ್ರಶ್ನೆ: ಸಣ್ಣ ಸ್ಟುಡಿಯೊ ಮಾಡಿದ ಕ್ರೀಡಾ ಗೇಮ್ ಒಂದಕ್ಕೆ ಮೆಟಾಕ್ರಿಟಿಕ್‌ನಲ್ಲಿ 68 ಇದೆ, ಸ್ಟೀಮ್‌ನಲ್ಲಿ 86 ಪರ್ಸೆಂಟ್ ಇದೆ. ಯಾವುದನ್ನು ನಂಬೋದು?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ ಬೇರೆ ಬೇರೆ ಲೆಕ್ಕ. ಸ್ಟೀಮ್ ಅನ್ನೋದು ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ, ಅದರ 86 ಅಂಕವೇ ಅಲ್ಲ. ಅಭಿಪ್ರಾಯ ಬರೆದ ನೂರು ಮಂದಿಯಲ್ಲಿ 86 ಮಂದಿ ಹೆಬ್ಬೆರಳು ಮೇಲೆತ್ತಿದ್ದಾರೆ, ಅಷ್ಟೆ. ‘ಪರವಾಗಿಲ್ಲ’ ಅಂದವನದೂ ಒಂದು ವೋಟು, ತಲೆ ಮೇಲೆ ಹೊತ್ತು ಕುಣಿದವನದೂ ಒಂದು ವೋಟು. ಮೆಟಾಕ್ರಿಟಿಕ್ ಎಂಬ ಜಾಲತಾಣ ಮಾತ್ರ ವಿಮರ್ಶಕರ ಅಂಕಗಳನ್ನು ನೂರರ ಅಳತೆಗೆ ತಂದು, ಕೆಲವು ಪ್ರಕಟಣೆಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ನಾಲ್ಕು ವಿಮರ್ಶೆ ಸೇರಿದರೆ ಸಾಕು, ಅಂಕ ಕಾಣಿಸಿಕೊಳ್ಳುತ್ತದೆ. ಇಂಡೀ, ಅಂದರೆ ಸಣ್ಣ ಸ್ವತಂತ್ರ ಸ್ಟುಡಿಯೊಗಳ ಗೇಮ್‌ಗಳಿಗೆ ಏಟು ಬೀಳೋದು ಇಲ್ಲೇ. ತೂಕದ ಮಾತು ಬಿಟ್ಟು ನೋಡಿದರೂ, ನಾಲ್ವರು 75 ಕೊಟ್ಟು ಐದನೆಯವರು 40 ಕೊಟ್ಟರೆ ಸರಾಸರಿ 68ಕ್ಕೆ ಇಳಿಯುತ್ತದೆ. ದೊಡ್ಡ ಕಂಪನಿಯ ಗೇಮ್‌ಗೆ ಹತ್ತಾರು ವಿಮರ್ಶೆ ಬರುವುದರಿಂದ ಅಂಥ ಒಂದು 40 ಗೊತ್ತೇ ಆಗುವುದಿಲ್ಲ. ಹಾಗಾಗಿ ಅಂಕ ನೋಡುವ ಮೊದಲು ಅದರ ಪಕ್ಕದಲ್ಲಿ ಎಷ್ಟು ವಿಮರ್ಶೆ ಎಂದು ಬರೆದಿದೆ, ಅದನ್ನು ನೋಡಿ.

ಸ್ಟೀಮ್‌ನಲ್ಲಿ ಪ್ರತಿ ಅಭಿಪ್ರಾಯದ ಪಕ್ಕ ಆಡಿದ ಗಂಟೆ ಇರುತ್ತದೆ. ಅದೇ ಫಿಲ್ಟರ್ ಹಾಕಿ 20 ಗಂಟೆ ದಾಟಿದವರ ದೂರುಗಳನ್ನು ಮಾತ್ರ ಓದಿ. ಕ್ರೀಡಾ ಗೇಮ್‌ಗಳು ಮೊದಲ ಎರಡು ಗಂಟೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಒಂದೇ ಕೋನದಿಂದ ಒದ್ದರೆ ಪ್ರತಿಸಲ ಗೋಲು, ಒಂದೇ ಸ್ವೀಪ್‌ಗೆ ಪ್ರತಿಸಲ ಬೌಂಡರಿ ಎಂಬ ಹುಳುಕು ಹೊರಬೀಳೋದು ಆಮೇಲೆ. ಕಳೆದ 30 ದಿನಗಳ ಅಭಿಪ್ರಾಯ ಒಟ್ಟಾರೆಗಿಂತ ತೀರಾ ಕೆಳಗಿದ್ದರೆ ಇತ್ತೀಚಿನ ಅಪ್‌ಡೇಟ್ ಏನೋ ಕೆಡಿಸಿದೆ ಅಥವಾ ಸರ್ವರ್ ಖಾಲಿಯಾಗುತ್ತಿದೆ ಎಂದೇ ಅನುಮಾನಿಸಿ.

ಪ್ರಶ್ನೆ: ಯಾವ ಫುಟ್‌ಬಾಲ್ ಗೇಮ್ ಬಂದರೂ ಇಎ ಎಫ್‌ಸಿ (ಹಿಂದಿನ ‘ಫಿಫಾ’ ಗೇಮ್) ಜೊತೆಗೇ ಹೋಲಿಸುತ್ತಾರಲ್ಲ, ಅದು ನ್ಯಾಯವೇ?
– ಓದುಗರು, ಹರಿಹರ

ಉತ್ತರ: ಬಹುಪಾಲು ಅಲ್ಲ. ಬರೆಯುವವರಿಗೆ ಅದು ಸುಲಭ, ಓದುವವರಿಗೆ ಪರಿಚಿತ ಹೆಸರು, ಅದಕ್ಕೇ ನಡೆಯುತ್ತದೆ. 2025ರಲ್ಲಿ ಫ್ರಾನ್ಸ್‌ನ ಸ್ಲೋಕ್ಲ್ಯಾಪ್ ತಂದ ‘ರೀಮ್ಯಾಚ್’ ನೋಡಿ. ಐದೈದು ಮಂದಿಯ ಆಟ, ನೀವು ಇಡೀ ತಂಡವನ್ನಲ್ಲ, ಒಬ್ಬನೇ ಆಟಗಾರನನ್ನು ಆಡಿಸುತ್ತೀರಿ. ಆಫ್‌ಸೈಡ್ ಇಲ್ಲ, ಫೌಲ್ ಇಲ್ಲ. ಅದರ ಸರೀಕ ಇಎ ಎಫ್‌ಸಿ ಅಲ್ಲ, ಕಾರುಗಳಲ್ಲಿ ಚೆಂಡು ಗುದ್ದುವ ‘ರಾಕೆಟ್ ಲೀಗ್’. ಹಾಗೆಯೇ 2020ರ ಅಮೆರಿಕನ್ ಫುಟ್‌ಬಾಲ್ ಆಟ ‘ರೆಟ್ರೊ ಬೌಲ್’ನಲ್ಲಿ ನಿಮ್ಮ ಕೈಗೆ ಬರೋದು ದಾಳಿ ಮಾತ್ರ, ರಕ್ಷಣೆಯನ್ನು ಗೇಮೇ ಲೆಕ್ಕ ಹಾಕಿ ಮುಗಿಸುತ್ತದೆ. ಅದನ್ನು ಇಎಯ ದೊಡ್ಡ ಅಮೆರಿಕನ್ ಫುಟ್‌ಬಾಲ್ ಗೇಮ್ ‘ಮ್ಯಾಡನ್’ ಪಕ್ಕ ಇಟ್ಟು ಗ್ರಾಫಿಕ್ಸ್ ಕಳಪೆ ಎಂದರೆ ಹೇಳಿದಂತೇನೂ ಆಗಲಿಲ್ಲ. ಪ್ರಶಸ್ತಿಯವರೂ ಕಮ್ಮಿಯಿಲ್ಲ: ದಿ ಗೇಮ್ ಅವಾರ್ಡ್ಸ್‌ನಲ್ಲಿ ಕ್ರೀಡೆ, ರೇಸಿಂಗ್ ಎರಡಕ್ಕೂ ಸೇರಿ ಒಂದೇ ವಿಭಾಗ. 2022ರಲ್ಲಿ ಸ್ಕೇಟ್‌ಬೋರ್ಡ್ ಆಟ ‘ಓಲಿಓಲಿ ವರ್ಲ್ಡ್’ ಪೈಪೋಟಿಗೆ ಇಳಿದದ್ದು ಕಾರ್ ರೇಸಿನ ‘ಗ್ರ್ಯಾನ್ ಟುರಿಸ್ಮೊ 7’ರ ಎದುರು!

ಇನ್ನೊಂದು ಹಳೇ ರಾಗ, ‘ನಿಜವಾದ ಆಟಗಾರರ ಹೆಸರಿಲ್ಲ’ ಅನ್ನೋದು. ಹೆಸರು, ಜರ್ಸಿಗೆ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ ದುಡ್ಡು ಬೇಕು. ಅದನ್ನು ಒಂದು ಸಾಲಲ್ಲಿ ತಿಳಿಸಿದರೆ ಸಾಕು, ಅಂಕ ಕಡಿಯುವ ಕಾರಣವಲ್ಲ. ವಿಮರ್ಶಕರು ನಿಜಕ್ಕೂ ನೋಡಬೇಕಾದದ್ದು ಆಟಗಾರರನ್ನು ನಾವೇ ತಯಾರಿಸಿ ಹಂಚಿಕೊಳ್ಳುವ ಸೌಲಭ್ಯ ಎಷ್ಟು ಗಟ್ಟಿ ಅನ್ನೋದನ್ನು. ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಸ್ಟುಡಿಯೋಸ್‌ನ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ರಲ್ಲೇ ಅದಕ್ಕೊಂದು ಅಕಾಡೆಮಿ ಇತ್ತು. ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ಥರದ ಬಲಗೈ ಮಧ್ಯಮ ವೇಗಿ ಬೇಕೇ? ತಯಾರಿಸಿ, ತಂಡಕ್ಕೆ ಸೇರಿಸಿ.

ಆನ್‌ಲೈನ್ ಆಟಗಳ ವಿಮರ್ಶೆಗೆ ದಿನಾಂಕವೂ ಮುಖ್ಯ. ಬಿಡುಗಡೆಗೆ ಮುಂಚೆ ವಿಮರ್ಶಕರು ಆಡುವ ಸರ್ವರ್‌ನಲ್ಲಿ ಅವರೂ ಸ್ಟುಡಿಯೊದವರೂ ಬಿಟ್ಟರೆ ಜನವೇ ಇರುವುದಿಲ್ಲ. ಜೋಡಿ ಹುಡುಕಲು ಎಷ್ಟು ಹೊತ್ತು, ಮೋಸಗಾರರು ಎಷ್ಟು, ಲ್ಯಾಗ್ (ನೆಟ್‌ನಿಂದ ಆಟ ತಡವಾಗೋದು) ಎಷ್ಟು ಎಂಬುದು ಅಲ್ಲಿ ತಿಳಿಯುವ ಮಾತಲ್ಲ. ‘ರೀಮ್ಯಾಚ್’ ಬಿಡುಗಡೆಯ ದಿನ ಬೇರೆ ಬೇರೆ ಸಾಧನದವರು ಒಟ್ಟಿಗೆ ಆಡುವ ಕ್ರಾಸ್‌ಪ್ಲೇ ಇರಲೇ ಇಲ್ಲ. ಮೊದಲ ದಿನದ ವಿಮರ್ಶೆ ಮೊದಲ ದಿನದ ಗೇಮ್‌ಗೆ ಮಾತ್ರ.

ಪ್ರಶ್ನೆ: ಯಾವುದನ್ನು ಇಂಡೀ ಅನ್ನಬೇಕು?
– ಓದುಗರು, ಹೊಸದುರ್ಗ

ಉತ್ತರ: ದೊಡ್ಡ ಕಂಪನಿಯ ಹಿಡಿತದಲ್ಲಿಲ್ಲದ ಸ್ಟುಡಿಯೊ ಮಾಡಿದ್ದನ್ನು. ಗೇಮ್ ಪುಟದಲ್ಲಿ ಡೆವಲಪರ್ (ಮಾಡಿದವರು), ಪಬ್ಲಿಷರ್ (ಹೊರತಂದವರು) ಎಂಬ ಎರಡು ಸಾಲು ನೋಡಿ, ಆಮೇಲೆ ಆ ಸ್ಟುಡಿಯೊ ಈಗ ಯಾರದ್ದು ಎಂದು ಹುಡುಕಿ. ‘ರಾಕೆಟ್ ಲೀಗ್’ 2015ರಲ್ಲಿ ಅತ್ಯುತ್ತಮ ಇಂಡೀ ಪ್ರಶಸ್ತಿ ಗೆದ್ದಿತು. 2019ರಲ್ಲಿ ಅದರ ಸ್ಟುಡಿಯೊ ಸೈಯೋನಿಕ್ಸ್, ಎಪಿಕ್ ಗೇಮ್ಸ್ ಕಂಪನಿಯ ಪಾಲಾಯಿತು. ‘ಸೂಪರ್ ಮೆಗಾ ಬೇಸ್‌ಬಾಲ್’ ಮಾಡಿದ ಮೆಟಲ್‌ಹೆಡ್ 2021ರಲ್ಲಿ ಇಎಗೆ ಹೋಯಿತು, ಬಿಗ್ ಆ್ಯಂಟ್ ಅದೇ ವರ್ಷ ನೇಕಾನ್ ಕಂಪನಿಗೆ. ಹಳೇ ವಿಮರ್ಶೆಯ ‘ಇಂಡೀ’ ಪದ ಇವತ್ತಿಗೆ ಹೊಂದಬೇಕೆಂದೇನಿಲ್ಲ.

ಪ್ರಶ್ನೆ: ಕ್ರಿಕೆಟ್ ಗೇಮ್‌ಗಳನ್ನು ಹೋಲಿಸಿ ಕನ್ನಡದಲ್ಲಿ ವಿಡಿಯೊ ಮಾಡುವ ಆಸೆ. ‘ಇದು ಸ್ಮೂತ್, ಅದು ಸ್ಲೋ’ ಎನ್ನುವುದನ್ನು ಬಿಟ್ಟು ಬೇರೆ ಏನು ಹೇಳಬಹುದು?
– ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಬಟನ್ ಒತ್ತಿದ ಎಷ್ಟು ಹೊತ್ತಿಗೆ ಬ್ಯಾಟ್ ಅಲ್ಲಾಡುತ್ತದೆ ಎಂದು ಅಳೆದು ಹೇಳಬಹುದು. ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದ್ದರೆ ಸಾಕು. ಕಂಟ್ರೋಲರ್ ಮೇಲಿನ ನಿಮ್ಮ ಹೆಬ್ಬೆರಳು, ಸ್ಕ್ರೀನ್ ಎರಡೂ ಒಂದೇ ಚೌಕಟ್ಟಿಗೆ ಬರುವಂತೆ ಫೋನ್ ನಿಲ್ಲಿಸಿ, ಬೆರಳಿನ ಮೇಲೆ ಒಳ್ಳೇ ಬೆಳಕಿರಲಿ. ಬಟನ್ ಪೂರ್ತಿ ಒಳಗೆ ಹೋದ ಫ್ರೇಮ್‌ನಿಂದ ಬ್ಯಾಟ್ ಕೆಳಗಿಳಿಯಲು ಶುರುವಾದ ಫ್ರೇಮ್‌ವರೆಗೆ ಎಣಿಸಿ. ಬ್ಯಾಕ್‌ಲಿಫ್ಟ್ ಎಣಿಸಬೇಡಿ, ಅದು ಬಟನ್ ಒತ್ತುವ ಮುಂಚೆಯೇ ಶುರುವಾಗಿರಬಹುದು. ಒಂದು ಫ್ರೇಮ್ ಅಂದರೆ 4.17 ಮಿಲಿಸೆಕೆಂಡ್, 30 ಫ್ರೇಮ್ ಬಂದರೆ 125. ಪ್ರತಿ ಗೇಮ್‌ಗೆ ಹತ್ತು ಸಲ ಮಾಡಿ, ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಎರಡು ಸಂಖ್ಯೆಗಳ ಸರಾಸರಿ ತೆಗೆದುಕೊಳ್ಳಿ. 60 ಹರ್ಟ್ಸ್ ಸ್ಕ್ರೀನ್ ಚಿತ್ರ ಬದಲಿಸೋದೇ 16.7 ಮಿಲಿಸೆಕೆಂಡಿಗೊಮ್ಮೆ. ಆದ್ದರಿಂದ ಎರಡು ಗೇಮ್‌ಗಳ ನಡುವೆ ನಾಲ್ಕು ಫ್ರೇಮ್‌ನೊಳಗಿನ ವ್ಯತ್ಯಾಸ ಬಂದರೆ ಎರಡೂ ಸಮ ಅಂದುಬಿಡಿ.

ಲೆಕ್ಕ ಕೆಡೋದು ಸಾಮಾನ್ಯವಾಗಿ ಗೇಮ್‌ನಿಂದಲ್ಲ. ಟಿವಿಯಲ್ಲಿ ಗೇಮ್ ಮೋಡ್ ಹಾಕದಿದ್ದರೆ ಚಿತ್ರವನ್ನು ನುಣುಪು ಮಾಡುವ ಕೆಲಸಕ್ಕೇ ಅದು ಸಮಯ ತಿನ್ನುತ್ತದೆ. ಒಂದು ಗೇಮ್ ಬ್ಲೂಟೂತ್‌ನಲ್ಲಿ, ಇನ್ನೊಂದು ವೈರ್‌ನಲ್ಲಿ ಆಡಿದರೆ ಹೋಲಿಕೆ ಮುಗಿಯಿತು. ಗೇಮ್‌ನ ಫ್ರೇಮ್‌ಗಳನ್ನು ಸ್ಕ್ರೀನ್ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಎರಡರಲ್ಲೂ ಆನ್ ಇರಲಿ, ಇಲ್ಲವೇ ಎರಡರಲ್ಲೂ ಆಫ್. ಕೆಲವು ಫೋನ್‌ಗಳ ಸ್ಲೋ ಮೋಷನ್ ಬರೀ ನಾಟಕ, ಇರುವ ಫ್ರೇಮ್‌ಗಳ ನಡುವೆ ತಾನೇ ಹೊಸದನ್ನು ತುಂಬುತ್ತದೆ. ಪರೀಕ್ಷೆಗೆ 60 ಹರ್ಟ್ಸ್ ಸ್ಕ್ರೀನ್ ಮೇಲೆ ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿ ಚಿತ್ರಿಸಿ: ಪ್ರತಿ ಅಂಕಿ ಹೆಚ್ಚುಕಮ್ಮಿ ನಾಲ್ಕು ಫ್ರೇಮ್ ನಿಲ್ಲಬೇಕು. ಅಂಕಿಗಳು ಒಂದರ ಮೇಲೊಂದು ಕಲಸಿಕೊಂಡರೆ ಬೇರೆ ಫೋನ್ ನೋಡಿ.

ಎರಡನೇ ಪರೀಕ್ಷೆಗೆ ತಾಳ್ಮೆ ಬೇಕು. ಪ್ರಾಕ್ಟೀಸ್ ನೆಟ್ಸ್‌ನಲ್ಲಿ ಆಫ್ ಸ್ಟಂಪ್ ಹೊರಗೆ ಒಂದೇ ಗುಡ್ ಲೆಂತ್ ಚೆಂಡು ಹಾಕಿಸಿ, 30 ಸಲ ಒಂದೇ ಕವರ್ ಡ್ರೈವ್ ಹೊಡೆಯಿರಿ. ಫಲಿತಾಂಶ ಮೂವತ್ತೂ ಸಲ ಒಂದೇ ಆದರೆ ಆಟ ಬೇಗ ಬೇಸರ ಬರಿಸುತ್ತದೆ. ಟೈಮಿಂಗ್‌ಗೂ ಫಲಿತಾಂಶಕ್ಕೂ ಸಂಬಂಧವೇ ಇಲ್ಲದಿದ್ದರೆ ಅದು ಜೂಜು. ಟೈಮಿಂಗ್ ಸರಿ ಇದ್ದಷ್ಟೂ ಚೆಂಡು ಹೆಚ್ಚು ದೂರ ಹೋಗಬೇಕು, ತಡವಾದಷ್ಟೂ ಎಡ್ಜ್ ಹೆಚ್ಚಬೇಕು.

ಆನ್‌ಲೈನ್ ಪಂದ್ಯದ ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿಬರುವ ಸಮಯ) ಅನ್ನು ಬೆಳಗ್ಗೆ ಹನ್ನೊಂದಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಬರೆದುಕೊಳ್ಳಿ. ರಾತ್ರಿ ಇಡೀ ಬೀದಿ ಒಟ್ಟಿಗೆ ನೆಟ್ ಎಳೆಯುತ್ತಿರುವಾಗ ಬಂದ ಲ್ಯಾಗನ್ನು ಸ್ಟುಡಿಯೊ ತಲೆಗೆ ಕಟ್ಟಬಾರದು. ಗೇಮ್‌ನ ಆವೃತ್ತಿ ಸಂಖ್ಯೆ, ಸಾಧನ, ದಿನಾಂಕ ವಿಡಿಯೊದ ಮೊದಲಲ್ಲೇ ಹೇಳಿ. ಗೇಮ್ ಪುಕ್ಕಟೆ ಸಿಕ್ಕಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: ಕೊಂಡ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡದಿದ್ದರೆ ದುಡ್ಡು ಹೋದ ಹಾಗೇನಾ?
– ಓದುಗರು, ಚಳ್ಳಕೆರೆ

ಉತ್ತರ: ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ವಾಪಸ್ ಕೇಳಬಹುದು. ಡೆಮೊ ಇದ್ದರೆ ಮೊದಲು ಅದನ್ನೇ ಆಡಿ ನೋಡಿ. ಎಡವಟ್ಟಾಗೋದು ಎಲ್ಲಿ ಅಂದರೆ, ಗೇಮ್ ತೆರೆದಿಟ್ಟು ಊಟಕ್ಕೆ ಹೋದರೂ ಗಡಿಯಾರ ಓಡುತ್ತಿರುತ್ತದೆ. ಕ್ರಿಕೆಟ್ ಗೇಮ್‌ಗಳಲ್ಲಿ ಜನ ತಂಡ ಇಳಿಸಿಕೊಳ್ಳುವುದರಲ್ಲೇ ಒಂದೂವರೆ ಗಂಟೆ ಕಳೆದುಬಿಡುತ್ತಾರೆ. ಮೊದಲು ಐದು ಓವರ್‌ನ ಒಂದು ಪಂದ್ಯ ಆಡಿ, ಕಂಟ್ರೋಲರ್ ಹಿಡಿಯುತ್ತದೆಯೇ, ತುಂಬಿದ ಸ್ಟೇಡಿಯಂನಲ್ಲಿ ಫ್ರೇಮ್ ಬೀಳುತ್ತದೆಯೇ ನೋಡಿ. ಆಮೇಲೆ ಒಂದು ಆನ್‌ಲೈನ್ ಪಂದ್ಯ. ಜರ್ಸಿ ಬಣ್ಣ ತಿದ್ದೋದನ್ನು ಮೂರನೇ ಗಂಟೆಗೆ ಇಟ್ಟುಕೊಳ್ಳಿ.