ಆ ಒಂದು ತಾಸು ಎಲ್ಲಿಂದ ತರಲಿ?

ಗಂಗಾವತಿಯಿಂದ ಒಬ್ಬ ಓದುಗ ತಂಗಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 38. ಕೊಪ್ಪಳದ ಒಂದು ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಗಂಡ, ಅತ್ತೆ. ಬೆಳಗ್ಗೆ ಐದಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟಿ ಬಸ್ಸು ಹಿಡಿಯುತ್ತಾರೆ. ಮತ್ತೆ ಮನೆ ಸೇರುವುದು ಸಂಜೆ ಏಳಕ್ಕೆ. ಎರಡನೇ ಹೆರಿಗೆಯ ನಂತರ ತೂಕ 62ರಿಂದ 74 ಕಿಲೋಗೆ ಏರಿದೆ. ಕಚೇರಿಯ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಬಿಪಿ 138/88. ವೈದ್ಯರು “ದಿನಾ ಬೆಳಗ್ಗೆ ಒಂದು ತಾಸು ವಾಕಿಂಗ್ ಮಾಡಿ, ಅನ್ನ ಬಿಡಿ” ಎಂದರಂತೆ. ಪತ್ರದ ಕೊನೆಯ ಸಾಲು ಇದು: “ಆ ಒಂದು ತಾಸು ಎಲ್ಲಿಂದ ತರಲಿ, ಸರ್? ನೀವೇ ಹೇಳಿ.”

ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಕಡೆ ನಿಂತೆ. “ಮಗ ತಟ್ಟೆಯಲ್ಲಿ ಬಿಟ್ಟ ಅನ್ನಕ್ಕೆ ಸಾರು ಹಾಕಿಕೊಂಡು, ಅಡುಗೆ ಕಟ್ಟೆಗೆ ಒರಗಿ ನಿಂತೇ ಉಂಡುಬಿಡುತ್ತೇನೆ. ಕೂತರೆ ಏಳೋಕಾಗಲ್ಲ” ಎಂದು ಬರೆದಿದ್ದೀರಲ್ಲ, ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಏದುಸಿರಿನ ಮಾತು.

ಎರಡು ಮಹಡಿಗೆ ಉಸಿರು ಕಟ್ಟುವುದನ್ನು ಸುಮ್ನೆ ತೂಕದ ಲೆಕ್ಕಕ್ಕೆ ಹಾಕಿ ಬಿಡಬೇಡಿ. ರಕ್ತ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಥೈರಾಯ್ಡ್ ಏರುಪೇರಾದರೂ ತೂಕ ಏರುತ್ತದೆ, ಸುಸ್ತಾಗುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಮೂರನ್ನೂ ಒಮ್ಮೆ ನೋಡಿಸಿ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮ ಬಿಪಿ ಗಡಿಯ ಹತ್ತಿರ ಬಂದು ನಿಂತಿದೆ, 140/90 ದಾಟಿಲ್ಲ. ಈಗ ಹಿಡಿದರೆ ಸುಲಭ. ಮಹಡಿ ಹತ್ತುವಾಗ ಎದೆ ಬಿಗಿ ಹಿಡಿದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮರುದಿನ ರಜೆ ಸಿಗುತ್ತದಾ ಎಂದು ನೋಡುತ್ತ ಕೂರಬಾರದು.

ಇನ್ನು ಆ ಒಂದು ತಾಸು. ಅದು ನಿಮ್ಮ ದಿನದಲ್ಲಿ ಇಲ್ಲ. ಪತ್ರದಲ್ಲಿ ನೀವು ಬರೆದ ಗಂಟೆಗಳನ್ನು ಕಾಗದದ ಮೇಲೆ ಕೂಡಿಸಿ ನೋಡಿದೆ, ನಿಜವಾಗಿಯೂ ಇಲ್ಲ. ಹಾಗಾಗಿ ಅದನ್ನು ಹುಡುಕುವುದನ್ನು ಬಿಡಿ. ಸಿಗಲಿಲ್ಲ ಎಂದು ನಿಮ್ಮನ್ನೇ ಬೈದುಕೊಳ್ಳುವುದನ್ನೂ ಬಿಡಿ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ. 150 ಎಂದರೆ ದಿನಕ್ಕೆ ಇಪ್ಪತ್ತು ನಿಮಿಷದ ಚೂರು ಮೇಲೆ. ಹಿಂದೆ ಅವರು ಒಂದು ಷರತ್ತು ಇಟ್ಟಿದ್ದರು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದರು. ಐದು ನಿಮಿಷ ಚುರುಕಾಗಿ ನಡೆದರೂ ಅದು ಲೆಕ್ಕಕ್ಕೆ ಸೇರುತ್ತದೆ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ನನಗೆ ಗೊತ್ತಿಲ್ಲ.

ಕೊಪ್ಪಳದಲ್ಲಿ ಒಂದು ಸ್ಟಾಪ್ ಮೊದಲೇ ಇಳಿಯಿರಿ. ಅಲ್ಲಿಂದ ಕಚೇರಿಗೆ ಏಳೆಂಟು ನಿಮಿಷ ಆಗಬಹುದು. ಮಧ್ಯಾಹ್ನ ಡಬ್ಬಿ ಮುಗಿದ ಮೇಲೆ ಕುರ್ಚಿಗೆ ವಾಪಸ್ ಹೋಗದೆ ವರಾಂಡದಲ್ಲೇ ಹತ್ತು ನಿಮಿಷ ಓಡಾಡಿ. ಊಟವಾದ ಮೇಲಿನ ನಡಿಗೆ ಏರುವ ಸಕ್ಕರೆಯನ್ನು ಹಿಡಿದು ನಿಲ್ಲಿಸುತ್ತದೆ, ಅದು ಇನ್ನೊಂದು ಲಾಭ. ರಾತ್ರಿ ಮಕ್ಕಳನ್ನು ಕರೆದುಕೊಂಡು ಓಣಿಯ ತುದಿಯವರೆಗೆ ಒಂದು ಸುತ್ತು. ಮಗನ ಜೊತೆ ಓಡಿದರೆ ಇನ್ನೂ ಒಳ್ಳೆಯದು. ಎಷ್ಟು ಜೋರು ನಡೆಯಬೇಕು ಎಂದರೆ, ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಿಸಿಲಿನ ನಡಿಗೆ ಬೇಡ. ವರಾಂಡ, ರಾತ್ರಿಯ ಓಣಿ ಎರಡೇ ಸಾಕು.

ಬರೀ ನಡಿಗೆ ಸಾಲದು, ಸ್ನಾಯುಗಳಿಗೂ ವಾರಕ್ಕೆ ಎರಡು ದಿನವಾದರೂ ಕೆಲಸ ಬೇಕು. ಅದಕ್ಕೆ ಜಿಮ್ ಬೇಡ, ಕುಕ್ಕರ್ ಸಾಕು. ಬೇಳೆ ಇಟ್ಟು ಸೀಟಿಗೆ ಕಾಯುತ್ತ ನಿಂತಿರುತ್ತೀರಿ ಅಲ್ವಾ? ಆ ಹೊತ್ತಿನಲ್ಲಿ ಒಂದು ಕುರ್ಚಿ ಎಳೆದುಕೊಳ್ಳಿ. ಕೈ ಊರದೆ ಕೂತು ಏಳಿ, ಹತ್ತು ಸಲ. ಮುಂದಿನ ಸೀಟಿಯವರೆಗೆ ಅಡುಗೆ ಕಟ್ಟೆಗೆ ಎರಡೂ ಕೈ ಊರಿ, ಎದೆಯನ್ನು ಕಟ್ಟೆಯ ಹತ್ತಿರ ತಂದು ಹಿಂದೆ ತಳ್ಳಿ, ಅದೂ ಹತ್ತು. ಮೂರನೇ ಸೀಟಿಗೆ ಹಿಮ್ಮಡಿ ಎತ್ತಿ ಇಳಿಸಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಇದನ್ನು ಶುರು ಮಾಡಿದಳು. ಅವಳನ್ನು ನೋಡಿ ನಾನೂ ಮಾಡುತ್ತೇನೆ. ಮೊದಲ ವಾರ ಆರು ಸಲಕ್ಕೇ ತೊಡೆ ನಡುಗುತ್ತಿದ್ದವು. ತಿಂಗಳಾದ ಮೇಲೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು ಕಂಬಿ ಹಿಡಿಯುವುದು ಬೇಕಾಗಲಿಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಾಕಿಂಗಿಗಾಗಿ ನಾಲ್ಕಕ್ಕೆ ಏಳಬೇಡಿ. ನೀವು ಮಲಗುವುದೇ ಹನ್ನೆರಡಕ್ಕೆ ಎಂದಿದ್ದೀರಿ. ಐದು ತಾಸಿನ ನಿದ್ದೆಯನ್ನು ನಾಲ್ಕು ಮಾಡಿಕೊಂಡು ನಡೆದರೆ ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ದೊಡ್ಡವರಿಗೆ ಕನಿಷ್ಠ ಏಳು ತಾಸು ನಿದ್ದೆ ಬೇಕು. ನಿದ್ದೆ ಕೆಟ್ಟರೆ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ, ಕರಿದದ್ದರ ಮೇಲೆಯೇ ಆಸೆ. ವೈದ್ಯರ ಸಲಹೆ ತಪ್ಪಲ್ಲ, ಆದರೆ ನೀವು ಎಷ್ಟಕ್ಕೆ ಮಲಗುತ್ತೀರಿ ಎಂದು ಅವರು ಕೇಳಿರಲಿಕ್ಕಿಲ್ಲ.

ಈಗ ಊಟ. “ಅನ್ನ ಬಿಡಿ” ಎಂದು ಗಂಗಾವತಿಯವರಿಗೆ ಹೇಳುವುದು ಸುಲಭ, ಬಿಡುವುದು ಕಷ್ಟ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರಿನ ಹೊಲಗಳು ಗದ್ದೆಗಳಾದವು. ಅದಕ್ಕೂ ಮುಂಚೆ ಈ ಸೀಮೆಯದ್ದು ಜೋಳ, ಸಜ್ಜೆ, ನವಣೆಯ ಊಟ. ನಮ್ಮ ಅಜ್ಜಿಯ ಮನೆಯಲ್ಲಿ ಅನ್ನ ಎಂದರೆ ಹಬ್ಬ. ಈಗ ಮೂರು ಹೊತ್ತೂ ಅನ್ನ, ನಡುವೆ ರೊಟ್ಟಿ ಎಲ್ಲೋ ಒಂದು. ಹಗಲೆಲ್ಲ ನಾಟಿ ಹಚ್ಚುವ ಮೈಗೆ ಅಷ್ಟು ಅನ್ನ ಕರಗುತ್ತದೆ. ಕುರ್ಚಿಯಲ್ಲಿ ಕೂರುವ ಮೈಗೆ ಕರಗುವುದಿಲ್ಲ.

ಅನ್ನವನ್ನು ಪೂರ್ತಿ ಬಿಡಬೇಡಿ, ಅದನ್ನು ಕೊನೆಗೆ ತನ್ನಿ. ಮೊದಲು ಒಂದು ರೊಟ್ಟಿ, ಕಾಳು, ಪಲ್ಯ. ಆಮೇಲೆ ಒಂದು ಸಣ್ಣ ಬಟ್ಟಲು ಅನ್ನಕ್ಕೆ ಸಾರೋ ಮಜ್ಜಿಗೆಯೋ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇರುತ್ತದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ನಾರು ಇದ್ದರೆ ಹೊಟ್ಟೆ ತುಂಬಿದ್ದು ತುಂಬಿದ ಹಾಗೇ ಇರುತ್ತದೆ.

ಏಳಕ್ಕೆ ಬಸ್ಸಿಳಿದು ಬಂದವಳು ರೊಟ್ಟಿ ಬಡಿಯುತ್ತ ಕೂರಬೇಕಾ ಎಂದು ನೀವು ಕೇಳುತ್ತೀರಿ, ಗೊತ್ತು. ಬೇಡ. ಖಡಕ್ ರೊಟ್ಟಿ ಇರುವುದು ಇದಕ್ಕೇ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಹೆಂಗಸರು ರೊಟ್ಟಿ ಮಾಡಿ ಕಳಿಸುತ್ತಾರೆ, ನೋಡಿದ್ದೀರಿ. ದಿನಗಟ್ಟಲೆ ಇಟ್ಟರೂ ಕೆಡುವುದಿಲ್ಲ. ನಮ್ಮ ಊರುಗಳಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಎಣಿಸಿ ಮಾರುವ ಹೆಣ್ಣುಮಕ್ಕಳು ಇದ್ದಾರೆ. ತಿಂಗಳಿಗಾಗುವಷ್ಟು ತಂದು ಡಬ್ಬದಲ್ಲಿಡಿ. ರಾತ್ರಿ ಒಂದು ಖಡಕ್ ರೊಟ್ಟಿಯನ್ನು ಬಟ್ಟಲಿಗೆ ಮುರಿದು ಹಾಕಿ, ಮೇಲೆ ಕುದಿಯುವ ಹೆಸರುಕಾಳಿನ ಸಾರು ಹುಯ್ಯಿರಿ. ಚಟಪಟ ಸದ್ದು ಮಾಡಿ ರೊಟ್ಟಿ ಸಾರು ಕುಡಿಯುತ್ತದೆ. ಎರಡು ನಿಮಿಷ ಬಿಟ್ಟರೆ ಅಂಚು ಮೆತ್ತಗೆ, ನಡುವೆ ಇನ್ನೂ ಕರುಂ ಕುರುಂ. ಮೇಲೆ ಹಸಿ ಉಳ್ಳಾಗಡ್ಡಿ, ಅರ್ಧ ಲಿಂಬೆ. ಇಷ್ಟಕ್ಕೆ ಹತ್ತು ನಿಮಿಷವೂ ಬೇಡ.

ಇನ್ನೊಂದು, ನಮ್ಮ ಕಡೆಯ ಹಸಿ ತಪ್ಪಲನ್ನು ನಾವು ಮರೆಯುತ್ತಿದ್ದೇವೆ. ರೊಟ್ಟಿಯ ಪಕ್ಕದಲ್ಲಿ ಹಕ್ಕರಕಿ, ಎಳೆ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಗಜ್ಜರಿ ಇಟ್ಟುಕೊಂಡು ಕಚ್ಚಿ ತಿನ್ನುತ್ತಿದ್ದೆವು. ಹೆಚ್ಚುವುದಿಲ್ಲ, ಒಗ್ಗರಣೆಯಿಲ್ಲ, ಬರೀ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಸೂಚನೆಗಳನ್ನು ತಂದಿತು. ತಟ್ಟೆಯ ಅರ್ಧ ಕಾಯಿಪಲ್ಯ, ಸೊಪ್ಪು, ಹಣ್ಣು ಇರಲಿ ಎನ್ನುತ್ತದೆ ಅದು. ಅರ್ಧ ತಟ್ಟೆ ಪಲ್ಯ ದಿನಾ ಮಾಡುವವರು ಯಾರು? ಹಸಿಯದು ಒಂದಿಷ್ಟು, ಬೇಯಿಸಿದ್ದು ಒಂದಿಷ್ಟು ಆದರೆ ಅರ್ಧ ತಟ್ಟೆ ತಾನೇ ತುಂಬುತ್ತದೆ.

ಕಾಳನ್ನು ಮರೆಯಬೇಡಿ. ಪ್ರೋಟೀನ್ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. ನಿಮಗೆ 50ರಿಂದ 60 ಗ್ರಾಂ ಎಂದುಕೊಳ್ಳಿ. ನೀವು ಬರೆದ ಊಟದಲ್ಲಿ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಚಿತ್ರಾನ್ನ, ರಾತ್ರಿ ಅನ್ನ ಸಾರು. ಅದು ಅರ್ಧದಷ್ಟಾದರೆ ಹೆಚ್ಚು. ಭಾನುವಾರ, ಬುಧವಾರ ರಾತ್ರಿ ಹೆಸರುಕಾಳೋ ಮಡಿಕೆಕಾಳೋ ನೆನೆಹಾಕಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ. ಮೊಳಕೆ ಫ್ರಿಜ್ಜಿನಲ್ಲಿದ್ದರೆ ಬೆಳಗಿನ ಡಬ್ಬಿಯ ತಲೆಬಿಸಿ ಅರ್ಧ ಕಡಿಮೆ. ಮೊಟ್ಟೆ ತಿನ್ನುವವರಾದರೆ ಒಂದರಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ. ಶೇಂಗಾ ಚಟ್ನಿ ಒಳ್ಳೆಯದೇ, ಆದರೆ ಎಣ್ಣೆಯ ಕಾಳು, ಎರಡು ಚಮಚ ಸಾಕು. ಉಪ್ಪಿನಕಾಯಿ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ನಿಮ್ಮ ಬಿಪಿಗೆ ಆಗಿಬರುವುದಿಲ್ಲ. ದಿನಕ್ಕೆ ಉಪ್ಪು ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ. ಊಟದ ಬೆನ್ನಿಗೇ ಚಹಾ ಕುಡಿಯಬೇಡಿ. ಸೊಪ್ಪು, ಕಾಳಿನ ಕಬ್ಬಿಣವನ್ನು ಅದು ಮೈಗೆ ಹತ್ತಗೊಡುವುದಿಲ್ಲ. ಲಿಂಬೆ ಹಿಂಡಿದರೆ ಹತ್ತುತ್ತದೆ.

ನಾಲ್ಕು ಗಂಟೆಯ ಒಗ್ಗರಣೆ-ಮಿರ್ಚಿಯ ಬಗ್ಗೆ ತುಂಬಾ ನಾಚಿಕೆಯಿಂದ ಬರೆದಿದ್ದೀರಿ. ನಾಚಿಕೆ ಯಾಕೆ? ಮಧ್ಯಾಹ್ನ ಬರೀ ಚಿತ್ರಾನ್ನ ಉಂಡವರಿಗೆ ನಾಲ್ಕಕ್ಕೆ ಹಸಿವಾಗಲೇಬೇಕು. ಡಬ್ಬಿಯಲ್ಲಿ ಕಾಳು ಇರಲಿ, ಬ್ಯಾಗಿನಲ್ಲಿ ಒಂದು ಹಿಡಿ ಪುಟಾಣಿ ಇರಲಿ. ಮಂಡಕ್ಕಿ ಒಗ್ಗರಣೆ ತಿನ್ನಬೇಕೆನಿಸಿದರೆ ತಿನ್ನಿ, ಮಿರ್ಚಿಯನ್ನು ಶನಿವಾರಕ್ಕೆ ಇಡಿ. ಅಂದು ಮಕ್ಕಳ ಜೊತೆ ಬಿಸಿಬಿಸಿಯಾಗಿ ತಿನ್ನಿ.

ಇನ್ನು ಆ ತಟ್ಟೆಗೆ ಬರುತ್ತೇನೆ.

ನಮ್ಮ ಅವ್ವ ಒಲೆಯ ಮುಂದೆ ಕೂತು ಒಂದೊಂದೇ ರೊಟ್ಟಿ ಸುಟ್ಟು ಎಲ್ಲರಿಗೂ ಬಿಸಿಯಾಗಿ ಹಾಕುತ್ತಿದ್ದಳು. ಕೊನೆಗೆ ತನಗೆ ಸೀದ ರೊಟ್ಟಿ, ಪಲ್ಯದ ಬೋಗುಣಿಯ ತಳ. ಆ ತಳವನ್ನು ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ಉಣ್ಣುತ್ತಿದ್ದಳು, ಬೋಗುಣಿ ತೊಳೆದ ಹಾಗೆ ಹೊಳೆಯುತ್ತಿತ್ತು. ಅವ್ವನಿಗೆ ಅದೇ ಇಷ್ಟ ಎಂದು ನಾವು ಮಕ್ಕಳು ತಿಳಿದಿದ್ದೆವು. ಐವತ್ತಕ್ಕೆ ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರತೊಡಗಿದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7. ಆ ಮನೆಯಲ್ಲಿ ಆರು ಜನರಿಗೆ ಪಲ್ಯ ಸಾಲುತ್ತಿತ್ತು, ಏಳನೆಯವಳಿಗೆ ಸಾಲುತ್ತಿರಲಿಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತು ವರ್ಷ. ಇವತ್ತಿಗೂ ಆ ಬೋಗುಣಿ ನೆನಪಾದರೆ ತುತ್ತು ಇಳಿಯುವುದಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ರಾತ್ರಿ ಎಂಟಕ್ಕೆ ಮಕ್ಕಳ ಜೊತೆಗೇ ನಿಮ್ಮ ತಟ್ಟೆಯೂ ನೆಲದ ಮೇಲೆ ಇರಲಿ. ಕೂತು ಉಣ್ಣಿ. ಮಗನಿಗೆ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಕೇಳುತ್ತಾನೆ. ಬಿಟ್ಟದ್ದನ್ನು ನೀವು ಉಣ್ಣಬೇಕಾದದ್ದಿಲ್ಲ. ಹತ್ತಕ್ಕೆ ಉಣ್ಣುವುದನ್ನು ಎಂಟಕ್ಕೆ ತಂದರೆ ನಿದ್ದೆಗೂ ಒಂದು ತಾಸು ಸಿಗುತ್ತದೆ. ನೀವು ನನ್ನನ್ನು ಕೇಳಿದ ತಾಸು ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ.

“ನಮ್ಮ ಮನೆಯವರು ಒಳ್ಳೆಯವರು, ಕೇಳಿದರೆ ಸಹಾಯ ಮಾಡ್ತಾರೆ” ಎಂದು ಬರೆದಿದ್ದೀರಿ. ಇಲ್ಲಿಂದ ಮುಂದಿನ ನಾಲ್ಕು ಸಾಲನ್ನು ಅವರಿಗೇ ಓದಲು ಕೊಡಿ. ತಮ್ಮಾ, ಕೇಳುವವರೆಗೆ ಕಾಯಬೇಡಿ. ಎರಡು ಕೆಲಸ ನಿಮ್ಮದೇ ಎಂದು ತೆಗೆದುಕೊಳ್ಳಿ. ರಾತ್ರಿ ಮರುದಿನದ ಕಾಯಿಪಲ್ಯ ಹೆಚ್ಚಿಡುವುದು ಒಂದು, ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ ಸ್ನಾನ ಮಾಡಿಸಿ ಸಿದ್ಧ ಮಾಡುವುದು ಇನ್ನೊಂದು. ಹೆಂಡತಿ ಊರಿಗೆ ಹೋದರೂ, ಮುನಿಸಿಕೊಂಡರೂ ಅದು ನಿಮ್ಮ ಕೆಲಸವೇ ಆಗಿರಲಿ. ಮಗಳಿಗೆ ಒಂಬತ್ತು, ಕಾಳು ನೆನೆಹಾಕಲು ಬರುತ್ತದೆ. ಮಗನಿಗೆ ಐದು, ತಟ್ಟೆ ಇಡಲು ಬರುತ್ತದೆ. ಅವನಿಗೂ ಕಲಿಸಿ.

ತಂಗಿ, ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ಈ ಸೋಮವಾರ ರಕ್ತ ಪರೀಕ್ಷೆ ಮತ್ತು ಎಂಟು ಗಂಟೆಯ ತಟ್ಟೆ, ಇವೆರಡೇ. ನಡಿಗೆ ಅದರ ಮುಂದಿನ ವಾರ. ಹಿಮೋಗ್ಲೋಬಿನ್ ಎಷ್ಟು ಬಂತು ಎಂದು ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಕಾಯುತ್ತಿರುತ್ತೇನೆ.

ಸಂಪಾದಕ